ಕಾಲಮ್ಮು ಏಳು

ಬರ್ಕೋರಿ ದೇಸಾಯ್ರ,
ಹೆಸರು ಕೂಡ್ಲೆಪ್ಪ, ತಂದಿ ಲಕ್ಕಪ್ಪ, ಬಾರಕೇರ.
ವಯಸ್ಸು ನೀವ ಏನರ ಹಾಕ್ರಿ.
ತಾಲೂಕ ಮುಂಡರಗಿ.
ಆರರ ಮಟ ಏನೂ ತ್ರಾಸಿಲ್ಲ.
ಏಳನೇ ಕಾಲಮ್ಮಿಗೆ ನಿಮ್ಮ ಪೆನ್ನು ನಿಂತೈತಿ:
ಜೈಲುವಾಸದ ವಿವರ.

ಜೈಲು ಕಂಡೇನ್ರಿ. ಧಾರವಾಡದ್ದು.
ಗದಗಿನ ಪ್ರೆಸ್ಸಿನಾಗ ಎರಡು ಅಂಡಿಗಿ ಹತ್ತಿ ಕದ್ದಿದ್ದಕ್ಕ
ಮೂರು ವರ್ಷ.
ಸ್ವಾತಂತ್ರ್ಯ ಬಂದಾಗ ಒಳಗ ಇದ್ದೆ.
ಒಬ್ಬೊಬ್ಬರಿಗೆ ಒಂದೊಂದು ಬುಂದೇ ಉಂಡಿ ಕೊಟ್ರು,
ಬಾಗ್ಲ ತೆಗೀಲಿಲ್ಲ.

ಮರುವರ್ಷ ಬ್ಯಾಸಿಗಿ,
ಡಂಬಳದ ರಸ್ತಾಕ್ಕ ಖಡಿ ಒಡಿಯಾಕ ಕರಕೊಂಡು ಬಂದ್ರು.
ಮೂರು ಮಂದಿ ಓಡಿದ್ವಿ:
ನಾನು, ಪಿಂಜಾರ ಮೌಲಾಸಾಬ, ರುದ್ರಗೌಡ.
ರುದ್ರಗೌಡ ಒಡಹುಟ್ಟಿದ ಅಣ್ಣನ್ನ ಕೊಂದಾಂವ,
ಬದುವಿನ ಸಲುವಾಗಿ.
ಎಷ್ಟಗಲ ಬದು ಅಂತ ಗೇಣು ಮಾಡಿ ತೋರಸ್ತಿದ್ದ,
ಯಾರೂ ಕೇಳದಿದ್ರೂ.

ಕಪ್ಪತಗುಡ್ಡದಾಗ ನಾಕು ದಿನ
ಕಾರಿಹಣ್ಣು, ತ್ವಾಳದ ಕೂಗು,
ಕಾಲಾಗಿನ ಬೇಡಿ ಕಲ್ಲಿಗೆ ಇಟ್ಟು ಕುಟ್ಟೂದು.
ಐದನೇ ರಾತ್ರಿ ಕೆಳಗ ಬೆಂಕಿ ಕಂಡ್ತು,
ರೊಟ್ಟಿ ವಾಸನಿ ಬಂತು.
ವಾಸನಿ ಹಿಡದು ಇಳದ್ವಿ ದೇಸಾಯ್ರ, ಅಷ್ಟ.

ಅದು ಗಡಿ ಶಿಬಿರ.
ಹಳ್ಳದ ಆಚಿಗೆ ನಿಜಾಮನ ಸೀಮಿ, ಈಚಿಗೆ ನಮ್ಮದು.
ನಮ್ಮದು ಅಂದ್ರ ಯಾರದು ಅಂತ ನಾ ಕೇಳ್ಲಿಲ್ಲ, ಹಸದಿದ್ದೆ.
ಮೀಸಿ ಮೂಡದ ಒಬ್ಬ ಹುಡುಗ
ಬಂದೂಕ ಚಾಚಿ ಕೇಳಿದ, ಎಲ್ಲಿಂದ?
ಜೈಲು ಮುರದು ಬಂದ್ವಿ ಅಂದ ಮೌಲಾಸಾಬ,
ಸುಳ್ಳ ಹೇಳಾಕ ಅವಂಗ ತ್ರಾಣ ಇದ್ದಿದ್ದಿಲ್ಲ.
ಜೈ! ಅಂದ್ರು.
ಕೊಪ್ಪಳದ ಜೈಲು ಮುರದ ಶೂರರು ಅಂತ ಹೊತ್ತು ಕುಣದ್ರು.
ಕೊಳ್ಳಿಗೆ ತಂಗಡಕಿ ಹೂವಿನ ಮಾಲಿ.
ಬಿಸಿ ರೊಟ್ಟಿ, ಗುರೆಳ್ಳ ಚಟ್ನಿ.
ಏಳು ರೊಟ್ಟಿ ತಿಂದಿಂದ ಹೆಂಗ ಹೇಳ್ತೀರಿ,
ತಪ್ಪಾತ್ರಿ, ನಾವು ಬರೇ ಕಳ್ಳರು ಅಂತ?

ಆಮ್ಯಾಲ ಕರೋಡಗಿರಿ ನಾಕಾ ಸುಟ್ವಿ, ಎರಡು.
ಬೀಗ ನಾ ತೆಗದೆ.
ಅಂಥಾ ಕೈ ಶಿಬಿರದಾಗ ಮತ್ತೊಂದು ಇದ್ದಿದ್ದಿಲ್ಲ.
ಸುಂಕದ ಪುಸ್ತಕ ಉರಿಯೂದು ನೋಡಿ
ಮೌಲಾಸಾಬ ನಕ್ಕೋತ ಅಂದ,
ಮಾಡಿದ್ರ ಇಂಥಾ ಕಳವು ಮಾಡಬೇಕ್ಲೇ,
ಮಂದಿ ಚಪ್ಪಾಳಿ ಹೊಡೀತಾರ.
ಅವನ ಅಕ್ಕ ಹಳ್ಳದಾಚಿ ಊರಾಗಿದ್ಲು.
ಅದನ್ನ ಒಂದ ಸಲ ಹೇಳಿದ, ಮತ್ತ ಹೇಳ್ಲಿಲ್ಲ.

ಮೂರನೇ ನಾಕಾ. ಆಷಾಢದ ಮಬ್ಬು.
ರುದ್ರಗೌಡಗ ಹೊಟ್ಟಿಗೆ ಬಿತ್ತು ಗುಂಡು.
ಹಳ್ಳದ ಉಸುಕಿನ ತನಕ ಎಳಕೊಂಡು ತಂದ್ವಿ.
ಕೂಡ್ಲೆ, ಇದು ಯಾರ ಕಡೀದು? ಅಂದ.
ಕತ್ತಲಿ. ನನಗೂ ಗೊತ್ತಿದ್ದಿಲ್ಲ.
ನಮ್ಮ ಕಡೀದ ಅಂದೆ.
ನಂಬಲಿಲ್ಲ ಅಂತ ಕಾಣತೈತಿ.
ಉಸುಕಿನ್ಯಾಗ ಕೈ ಆಡಸಿ ಬದು ಹುಡುಕಿದ,
ಖರೇನ ಹುಡುಕಿದ.

ಸಪ್ಟಂಬರದಾಗ ಐದ ದಿನಕ್ಕ ಎಲ್ಲಾ ಮುಗೀತು.
ಶಿಬಿರ ಕಿತ್ರು. ಫೋಟೋ ತೆಗದ್ರು.
ಫೋಟೋದಾಗ ನಾ ಇಲ್ಲ, ಹಿಂದ ಸರದೆ,
ಫೌಜದಾರ ನಿಂತಿದ್ದ.
ಮೌಲಾಸಾಬ ಅಕ್ಕನ್ನ ಹುಡಕ್ಕೋತ ಹ್ವಾದ.
ಹ್ವಾದಾಂವ ಹ್ವಾದ.
ನಾ ನಡಕೋತ ಧಾರವಾಡಕ್ಕ ಹೋಗಿ
ಜೈಲಿನ ಬಾಗ್ಲ ಬಡದೆ.
ಎಲ್ಲಿ ಹೋಗಿದ್ಯೋ ಮಗನ? ಅಂದ ಜೇಲರ.
ಯುದ್ಧಕ್ಕರಿ, ಅಂದೆ.
ಬಾಕಿ ಹದಿನೈದು ತಿಂಗಳು, ಮ್ಯಾಲ ಆರು.

ಈಗ ನೀವಂತೀರಿ,
ಬರೇ ಜೈಲು ಧಾರವಾಡ ಅಂತ ಬರದ ಬಿಡೂಣು,
ಯಾಕ ಅಂತ ಯಾರ ಕೇಳ್ತಾರ.
ಕೇಳ್ತಾರ್ರೀ. ಕಚೇರಿಗೆ ಬ್ಯಾರೆ ಏನ ಕೆಲಸ.
ಒಳಗಿದ್ದಾಗ ನಾ ದೇಶಕ್ಕ ಏನೂ ಮಾಡ್ಲಿಲ್ಲ,
ಹೊರಗ ಮಾಡಿದ್ದಕ್ಕ ಕಾಲಮ್ಮಿಲ್ಲ.

ಕಳವು ಅಂತನ ಹಾಕ್ರಿ. ಎರಡು ಅಂಡಿಗಿ.
ಕೆಳಗ ಜಾಗಾ ಉಳದ್ರ ರುದ್ರಗೌಡ ಅಂತ ಬರೀರಿ,
ಅಡ್ಡಹೆಸರು ಮರತೇನಿ.
ನಡಬರಕ ಗೆರಿ ಮಾತ್ರ ಹೊಡೀಬ್ಯಾಡ್ರಿ.

ಎಲ್ಲಿ ಒತ್ತಲಿ?
ಎಡಗೈ ಹೆಬ್ಬಟ್ಟ ಹೌದಲ್ಲ, ಜೈಲಿನಾಗೂ ಇದನ್ನ ಒತ್ತಸ್ಕೊಂಡಾರ.
ಡಬ್ಬ್ಯಾಗಿನ ಶಾಯಿ ಒಣಗೈತಿ ನೋಡ್ರಿ,
ನಾಕು ಹನಿ ನೀರು ಹಾಕ್ರಿ.